ಟಾರ್ಚ್ ಬಿಟ್ಟು ನೋಡಿಯೂ ಮೋಸ ಹೋದೆ: ಹಳೆಯ 150-600 ಲೆನ್ಸ್ ಕೊಳ್ಳುವವರಿಗೆ

ಸೆಕೆಂಡ್ ಹ್ಯಾಂಡ್ ಟೆಲಿ ಝೂಮ್ (ದೂರದ್ದನ್ನು ಹತ್ತಿರ ತೋರಿಸುವ ಕ್ಯಾಮೆರಾ ಲೆನ್ಸ್) ಕೊಳ್ಳಲು ಹೊರಟವರು ದುಡ್ಡು ಕೊಡುವ ಮೊದಲು ಇದನ್ನೊಮ್ಮೆ ಓದಿ. ನಾನು 58 ಸಾವಿರ ಕೊಟ್ಟು ಬಂದ ಮೇಲೆ ಕಲಿತದ್ದು.

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಸ್ವಲ್ಪ ಅಡಿಕೆ ತೋಟ, ಜಾಸ್ತಿ ಹಕ್ಕಿ ಹುಚ್ಚು. ಕ್ಯಾಮೆರಾ ನಿಕಾನ್ ಡಿ7200, ಅದಕ್ಕೊಂದು 70-300 ಎಂಎಂ ಲೆನ್ಸ್ (ಈ ಸಂಖ್ಯೆ ದೊಡ್ಡದಾದಷ್ಟು ದೂರದ್ದು ಹತ್ತಿರ ಕಾಣುತ್ತದೆ). ಅಂಗಳದ ಪಿಕಳಾರಕ್ಕೆ ಅದು ಧಾರಾಳ. ಹಕ್ಕಿಗಳಿಗೆ ಹೆಸರಾದ ಕಿದೂರಿಗೆ ಹೋದರೂ ಹೇಗೋ ಸುಧಾರಿಸಬಹುದು. ಕಡಲ ಹದ್ದಿಗೆ ಮಾತ್ರ ಸಾಲುವುದಿಲ್ಲ. 2023ರಲ್ಲಿ ಕಾಸರಕ ಮರವನ್ನು ನಮ್ಮ ಜಿಲ್ಲೆಯ ಮರ ಅಂತ ಮಾಡಿದರಲ್ಲ, ಆಗಲೇ ಬಿಳಿ ಹೊಟ್ಟೆಯ ಕಡಲ ಹದ್ದನ್ನು ಜಿಲ್ಲೆಯ ಹಕ್ಕಿ ಮಾಡಿದ್ದು. ಮರದ ತುತ್ತತುದಿಯಲ್ಲಿ ಕೂರುತ್ತದೆ. ನಾವು ಹತ್ತಿರ ಹೋದರೆ ಅದು ಇನ್ನೂ ದೂರ ಹೋಗುತ್ತದೆ. ನನ್ನ ಹಳೆಯ ಫೋಟೋಗಳಲ್ಲಿ ಅದು ಹದ್ದೋ ತೆಂಗಿನ ಚಿಪ್ಪೋ ಅಂತ ಕೇಳುವ ಹಾಗಿರುತ್ತಿತ್ತು.

ಅದಕ್ಕೇ 600ರ ಆಸೆ ಹುಟ್ಟಿದ್ದು. ಡಿ7200ರಂಥ ಕ್ರಾಪ್ (ಸಣ್ಣ ಸೆನ್ಸರಿನ) ಕ್ಯಾಮೆರಾದಲ್ಲಿ ಒಂದೂವರೆ ಪಟ್ಟು ಲೆಕ್ಕ ಹಾಕಿದರೆ 900 ಆಯಿತು. ಹೊಸದಕ್ಕೆ ಕೈ ಹೋಗಲಿಲ್ಲ. ಈಗ ಸುಮಾರು ಜನ ಮಿರರ್‌ಲೆಸ್‌ಗೆ (ಒಳಗೆ ಕನ್ನಡಿ ಇಲ್ಲದ ಹೊಸ ಬಗೆಯ ಕ್ಯಾಮೆರಾ) ಹೋಗುತ್ತಿದ್ದಾರೆ, ಹಾಗಾಗಿ ನನ್ನದರಂಥ ಹಳೆಯ ಬಗೆಯ ಡಿಎಸ್‌ಎಲ್‌ಆರ್ ಕ್ಯಾಮೆರಾದ ಲೆನ್ಸ್‌ಗಳು ಅಗ್ಗಕ್ಕೆ ಸಿಗುತ್ತವೆ. ಮಂಗಳೂರಿನಲ್ಲಿ ಒಬ್ಬರ ಹತ್ತಿರ ನಿಕಾನ್ ಮೌಂಟ್‌ನ (ನಿಕಾನ್ ಕ್ಯಾಮೆರಾಕ್ಕೆ ಕೂರುವ) 150-600 ಇದೆ ಅಂತ ಗೊತ್ತಾಯಿತು. ಅವರ ಹೆಸರು, ಲೆನ್ಸ್ ಕಂಪನಿಯ ಹೆಸರು ಎರಡೂ ಬೇಡ. ಕಂಪನಿಯದ್ದು ಇದರಲ್ಲಿ ಎಂತ ತಪ್ಪೂ ಇಲ್ಲ.

ಅಡಿಕೆ ಮಾರಿದ ದುಡ್ಡು ಕಿಸೆಯಲ್ಲಿತ್ತು. ಭಾವನನ್ನು ಜೊತೆಗೆ ಕರೆದುಕೊಂಡು ಹೋದೆ. ನಾನೇನೂ ಕಣ್ಣು ಮುಚ್ಚಿ ಕೊಂಡವನಲ್ಲ. ಮೈಮೇಲೆ ಗೀರು ಇದೆಯಾ ನೋಡಿದೆ. ಝೂಮ್ ರಿಂಗ್ ತಿರುಗಿಸಿದೆ. ಹೊರಗೆ ಬಂದು ರಸ್ತೆಯಾಚೆಯ ಅಂಗಡಿ ಬೋರ್ಡಿನ ಫೋಟೋ ತೆಗೆದು, ಸ್ಕ್ರೀನಿನಲ್ಲಿ ದೊಡ್ಡದು ಮಾಡಿ ನೋಡಿದೆ. ಅಕ್ಷರ ಕೊರೆದ ಹಾಗೆ ಬಂದಿತ್ತು. ಕೊನೆಗೆ ಲೆನ್ಸ್ ಬಿಚ್ಚಿ, ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು ಮುಂದಿನಿಂದ ಇಣುಕಿದೆ.

"ನೋಡಿ ಸರ್, ಕನ್ನಡಿ ಇದ್ದ ಹಾಗಿದೆ" ಅಂದರು ಅವರು.

ಹಾಗೇ ಕಂಡಿತು. ಬಿಲ್ ಕೇಳಿದೆ. ಹುಡುಕಿ ವಾಟ್ಸಾಪ್ ಮಾಡುತ್ತೇನೆ ಅಂದರು. ಭಾವ ನನ್ನ ಅಂಗಿ ಎಳೆದು ಮೆಲ್ಲಗೆ, "ಬಿಲ್ಲಿಲ್ಲದೆ ಎಂತಕ್ಕೆ ಮಾರಾಯ, ಇನ್ನೊಂದು ದಿನ ಬರುವ" ಅಂದ. ನಾನು ಕೇಳಲಿಲ್ಲ. ಆ ಹೊತ್ತಿಗೆ ಲೆನ್ಸ್ ನನ್ನ ತೊಡೆ ಮೇಲಿತ್ತು, ಎರಡು ಕಿಲೋ ಭಾರ, ಮಗು ಮಲಗಿದ ಹಾಗೆ.

ಆ ಭಾನುವಾರವೇ ಕುಂಬಳೆ ಕಡೆ ಹೋದೆವು, ಶಿರಿಯ ಹೊಳೆ ಕಡಲು ಸೇರುವ ಜಾಗಕ್ಕೆ. ಬೆಳಗ್ಗೆ ಏಳು ಗಂಟೆ. ನಮ್ಮೂರಲ್ಲಿ ಕಡಲು ಪಡುವಣಕ್ಕೆ, ಹಾಗಾಗಿ ಬೆಳಗ್ಗೆ ಹೊಯ್ಗೆಯಲ್ಲಿ ನಿಂತು ಮರ ನೋಡಿದರೆ ಸೂರ್ಯ ಮರದ ಬೆನ್ನಿಗೆ ಇರುತ್ತಾನೆ. ಹದ್ದು ಕೂತಿತ್ತು. 600ರಲ್ಲಿ ಎಷ್ಟು ಚೆನ್ನಾಗಿ ತುಂಬಿಕೊಂಡಿತು ಅಂದರೆ ನನ್ನ ಕೈ ನಡುಗಿತು. ಸುಮಾರು ಇನ್ನೂರು ಫೋಟೋ ಹೊಡೆದೆ.

ಮನೆಗೆ ಬಂದು ಕಂಪ್ಯೂಟರಿಗೆ ಹಾಕಿದರೆ ಎಲ್ಲದರ ಮೇಲೂ ಹಾಲು ಚೆಲ್ಲಿದ ಹಾಗೆ. ಫೋಕಸ್ ಸರಿ ಇದೆ, ಕಣ್ಣಿನ ಸುತ್ತಲಿನ ಗರಿ ಕಾಣುತ್ತದೆ. ಆದರೆ ಕಪ್ಪು ಕಪ್ಪಾಗಿಲ್ಲ, ಬೂದಿಯಾಗಿದೆ. ಬೆನ್ನು, ಹೊಟ್ಟೆ, ಆಕಾಶ ಎಲ್ಲ ಒಂದಕ್ಕೊಂದು ಕಲಸಿಕೊಂಡಿದೆ. ಮೊದಲು ಮಂಜು ಅಂದುಕೊಂಡೆ. ಆಮೇಲೆ ಕಡಲ ಉಪ್ಪು ಗಾಳಿ ಅಂದುಕೊಂಡೆ. ಮುಂದಿನ ವಾರವೂ ಹಾಗೇ ಬಂತು. ಸೂರ್ಯ ನಮ್ಮ ಬೆನ್ನಿಗಿದ್ದಾಗ ತೆಗೆದವು ಮಾತ್ರ ಚೆನ್ನಾಗಿದ್ದವು. ಅಂಗಡಿ ಬೋರ್ಡ್ ಯಾಕೆ ಚೆನ್ನಾಗಿ ಬಂದಿತ್ತು ಅಂತ ಆಗ ತಲೆಗೆ ಹೋಯಿತು. ಅವತ್ತೂ ಬಿಸಿಲು ನನ್ನ ಬೆನ್ನಿಗಿತ್ತು.

ಕ್ಯಾಮೆರಾ ರಿಪೇರಿ ಮಾಡುವವರೊಬ್ಬರ ಹತ್ತಿರ ಒಯ್ದೆ. ನಾನು ಮಾಡಿದ ಹಾಗೇ ಟಾರ್ಚ್ ಹಿಡಿದರು. ಆದರೆ ಒಂದು ಕೆಲಸ ಜಾಸ್ತಿ ಮಾಡಿದರು. ಲೆನ್ಸಿನ ಹಿಂಬದಿಯಲ್ಲಿ, ಲೋಹದ ಬಳೆಯ ಒಳಗೆ, ಉಗುರಿಗಿಂತ ಸಣ್ಣದೊಂದು ಲೀವರ್ ಇದೆ. ಬೆಂಕಿಕಡ್ಡಿಯ ಹಿಂತುದಿಯಿಂದ ಅದನ್ನು ಪಕ್ಕಕ್ಕೆ ತಳ್ಳಿದರು. ಒಳಗೆ ಅಪರ್ಚರ್‌ನ (ಬೆಳಕು ಬರುವ ಕಿಂಡಿಯ) ಎಲೆಗಳು ಕಣ್ಣು ಬಿಟ್ಟ ಹಾಗೆ ತೆರೆದುಕೊಂಡವು. ಟಾರ್ಚನ್ನು ನೇರ ಬಿಡದೆ ಸ್ವಲ್ಪ ಓರೆ ಮಾಡಿದರು. ಆಗ ಕಂಡಿತು. ನಡುವಿನ ಗಾಜಿನಲ್ಲಿ ನಾಣ್ಯದಷ್ಟು ಅಗಲಕ್ಕೆ ಜೇಡರ ಬಲೆಯಂಥ ಬಿಳಿ ಎಳೆ. ಪಕ್ಕದಲ್ಲಿ ಇನ್ನೆರಡು ಮರಿಗಳು.

ಬೂಷ್ಟು. ಅಡಿಕೆಯ ಕೊಳೆರೋಗಕ್ಕೆ ವರ್ಷಾ ವರ್ಷ ಮೈಲುತುತ್ತು ಬಿಡುವವನಿಗೆ ಬೂಷ್ಟಿನ ಗುರುತು ಹತ್ತಲಿಲ್ಲ, ನೋಡಿ.

ಸಂಗತಿ ಇಷ್ಟೇ. ಲೀವರ್ ಇರುವ ನಿಕಾನ್ ಮೌಂಟ್ ಲೆನ್ಸ್‌ಗಳನ್ನು ಕ್ಯಾಮೆರಾದಿಂದ ಬಿಚ್ಚಿದ ಕೂಡಲೇ ಅಪರ್ಚರ್ ಮುಚ್ಚಿ ಸಣ್ಣ ತೂತಾಗುತ್ತದೆ. ನಾನು ಕೊಳ್ಳುವ ದಿನ ನೋಡಿದ್ದು ಆ ತೂತಿನಲ್ಲಿ ಬಂದ ಬೆಳಕನ್ನು. ಅದರ ಆಚೆಯ ಗಾಜೆಲ್ಲ ಕತ್ತಲಲ್ಲಿತ್ತು. ಕ್ಯಾನನ್ ಇಎಫ್ ಲೆನ್ಸ್‌ಗಳಲ್ಲಿ ಬಿಚ್ಚಿದರೂ ಅಪರ್ಚರ್ ತೆರೆದೇ ಇರುತ್ತದೆ, ಅವರಿಗೆ ಈ ತೊಂದರೆ ಇಲ್ಲ. ನಮಗೆ ಲೀವರ್ ತಳ್ಳಲೇಬೇಕು. ಮೆಲ್ಲಗೆ ತಳ್ಳಿ, ಜೋರು ಮಾಡಿದರೆ ಅದೇ ಬಾಗೀತು. ಮುಂದಿನಿಂದಲೂ ಹಿಂದಿನಿಂದಲೂ ನೋಡಿ. 150ರಲ್ಲಿ ಒಮ್ಮೆ, 600ರಲ್ಲಿ ಒಮ್ಮೆ ನೋಡಿ, ಯಾಕೆಂದರೆ ಝೂಮ್ ಮಾಡಿದಾಗ ಒಳಗಿನ ಗಾಜುಗಳು ಜಾಗ ಬದಲಿಸುತ್ತವೆ. ನಾಲ್ಕು ಧೂಳಿನ ಕಣ ಕಂಡರೆ ಹೆದರಬೇಡಿ, ಅದು ಎಲ್ಲ ಲೆನ್ಸಿನಲ್ಲೂ ಇರುತ್ತದೆ. ಎಳೆ ಕಂಡರೆ ಎದ್ದು ಬನ್ನಿ.

ಕ್ಲೀನ್ ಮಾಡಲು 14 ಸಾವಿರ ಹೇಳಿದರು. "ಬೂಷ್ಟು ಹೋಗುತ್ತದೆ, ಗಾಜಿನ ಕೋಟಿಂಗ್ ತಿಂದಿದ್ದರೆ ಆ ಕಲೆ ಹೋಗುವುದಿಲ್ಲ" ಅಂತ ಮೊದಲೇ ಅಂದರು. ಆ ಪ್ರಾಮಾಣಿಕತೆಗೆ ಕೈ ಮುಗಿದು ಲೆನ್ಸ್ ವಾಪಸ್ ತಂದೆ. ಮಾರಿದವರಿಗೆ ಫೋನ್ ಮಾಡಿದರೆ, "ನೀವೇ ಟಾರ್ಚ್ ಬಿಟ್ಟು ನೋಡಿದ್ದಲ್ವಾ ಸರ್" ಅಂದರು. ಬಿಲ್ ಇವತ್ತಿಗೂ ಬಂದಿಲ್ಲ. ಬಿಲ್ ಇಲ್ಲ ಅಂದಮೇಲೆ ನಾನು ಯಾರ ಹತ್ತಿರ ಹೋಗಿ ಏನಂತ ಹೇಳುವುದು?

ಟೆಸ್ಟ್ ಮಾಡುವಾಗ ಬೆಳಕಿಗೆ ಎದುರಾಗಿ ನಾಲ್ಕು ಫೋಟೋ ತೆಗೆಯಿರಿ. ಆಕಾಶದ ಎದುರು ಕಾಣುವ ಕರೆಂಟ್ ಕಂಬ ಸಾಕು. ಕಂಬ ಕಪ್ಪಾಗಿ ಬರಬೇಕು. ಲೆನ್ಸನ್ನು 600ಕ್ಕೆ ಇಟ್ಟು, ಅಪರ್ಚರ್ ಪೂರ್ತಿ ತೆರೆದು ತೆಗೆಯಿರಿ. ನಾವು ಕಾಡಿಗೆ ಹೋದಾಗ ಬಳಸುವುದು ಅದನ್ನೇ ತಾನೇ? ಮಧ್ಯಾಹ್ನದ ಬಿಸಿಲಿನಲ್ಲಿ ಎಫ್8ರಲ್ಲಿ (ಎಫ್ ಸಂಖ್ಯೆ ದೊಡ್ಡದಾದಷ್ಟು ಅಪರ್ಚರ್ ಕಿರಿದು) ಎಲ್ಲ ಲೆನ್ಸೂ ಹೀರೋ.

ಇನ್ನೊಂದು ಮಾತು, ಇದು ಬೂಷ್ಟಿಗೆ ಸಂಬಂಧಪಟ್ಟದ್ದಲ್ಲ. ಈ 150-600ಗಳು 600ರಲ್ಲಿ ಪೂರ್ತಿ ತೆರೆದರೂ ಎಫ್6.3, ಒಳಗೆ ಬರುವ ಬೆಳಕು ಕಮ್ಮಿ. ಕಡಲ ಬದಿಯಲ್ಲಿ ಇದು ಗೊತ್ತೇ ಆಗುವುದಿಲ್ಲ. ರಾಣಿಪುರಂ ಕಾಡಿನ ನೆರಳಿಗೆ ಹೋದಾಗ ಗೊತ್ತಾಯಿತು. ಶಟರ್ 1/500 ಸೆಕೆಂಡ್ ಬೇಕು ಅಂದರೆ ಐಎಸ್‌ಒ (ಕ್ಯಾಮೆರಾ ಬೆಳಕನ್ನು ಹಿಗ್ಗಿಸುವ ಲೆಕ್ಕ) 6400 ಮುಟ್ಟುತ್ತದೆ, ಫೋಟೋ ತುಂಬ ರವೆ. ನಿಕಾನಿನದ್ದೇ 200-500 ಎಲ್ಲ ಕಡೆಯೂ ಎಫ್5.6, ಆದರೆ ಅದು 2.3 ಕಿಲೋ. ಮತ್ತೆ ಅದರ ಹೆಸರಲ್ಲಿ 5.6 ಆದ ಕೂಡಲೇ ಒಂದು 'ಇ' ಇದೆ. ಅಂದರೆ ಅದರ ಅಪರ್ಚರ್ ಕರೆಂಟಿನಲ್ಲಿ ನಡೆಯುವಂಥದ್ದು. ಡಿ90ರಂಥ ಹಳೆಯ ಕ್ಯಾಮೆರಾಕ್ಕೆ ಅದನ್ನು ಹಾಕಿದರೆ ಅಪರ್ಚರ್ ಕಿರಿದು ಮಾಡಲು ಬರುವುದಿಲ್ಲ. ಕೊಳ್ಳುವ ಮೊದಲು ನಿಮ್ಮ ಕ್ಯಾಮೆರಾಕ್ಕೇ ಹಾಕಿ ನೋಡಿ.

ಒಳ್ಳೆಯ ಲೆನ್ಸ್ ಸಿಕ್ಕಿದರೂ ನಮ್ಮ ಮಳೆಗಾಲ ಅದನ್ನು ಸುಮ್ನೆ ಬಿಡುವುದಿಲ್ಲ. ಕಪಾಟಿನಲ್ಲಿ ಚಪ್ಪಲಿ, ಬೆಲ್ಟು ಬೆಳ್ಳಗಾಗುವ ಊರು ನಮ್ಮದು. ಕ್ಯಾಮೆರಾ ಬ್ಯಾಗಿನಲ್ಲಿ ಮುಚ್ಚಿಟ್ಟರೆ ಇನ್ನೂ ಕಷ್ಟ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್, ತೇವ ತೋರಿಸುವ ಸಣ್ಣ ಮೀಟರ್. ಮುಳ್ಳು ಶೇಕಡಾ 40ರಿಂದ 50ರ ನಡುವೆ ನಿಂತರೆ ಸಾಕು. ನೀಲಿ ಹರಳು ಗುಲಾಬಿಯಾದರೆ ಬಿಸಿ ಮಾಡಿ ಒಣಗಿಸಬೇಕು. ಅಡುಗೆಯ ಬಾಣಲೆ ಮಾತ್ರ ಬೇಡ. ಆ ಹರಳಿನ ಬಣ್ಣ ಹೊಟ್ಟೆಗೆ ಒಳ್ಳೆಯದಲ್ಲ, ಮತ್ತೆ ನನಗೆ ಬಿದ್ದಷ್ಟು ಬೈಗುಳ ನಿಮಗೂ ಬೀಳುತ್ತದೆ.

ನನ್ನ ಲೆನ್ಸ್ ಈಗ ಬೇರೆ ಡಬ್ಬದಲ್ಲಿದೆ. ಸಂಜೆ ಹೊತ್ತು, ಸೂರ್ಯ ಕಡಲ ಕಡೆ ಇಳಿದಾಗ ಮಾತ್ರ ತೆಗೆದುಕೊಂಡು ಹೋಗುತ್ತೇನೆ. ಆಗ ಮರದ ಮೇಲಿನ ಹದ್ದಿನ ಮುಖಕ್ಕೇ ಬೆಳಕು ಬೀಳುತ್ತದೆ, ಫೋಟೋ ಪರವಾಗಿಲ್ಲ. ಇಪ್ಪತ್ತು ಸಾವಿರಕ್ಕೆ ಮಾರುತ್ತೇನೆ ಅಂತಲೂ ಹೇಳಿಟ್ಟಿದ್ದೇನೆ. ಇಬ್ಬರು ಬಂದಿದ್ದರು. ಚಾ ಕೊಟ್ಟು, ಲೀವರ್ ತಳ್ಳಿ, ಟಾರ್ಚ್ ಓರೆ ಹಿಡಿದು ತೋರಿಸಿದೆ. ಇಬ್ಬರೂ ಚಾ ಕುಡಿದು ಹೋದರು.