ರಿಂಗ್ಸ್ ಮೇಲೆ ಪೆಲಿಕನ್ ಕರ್ಲ್ ಮಾಡುವ ಮುಂಚೆ ಇದನ್ನೊಮ್ಮೆ ಓದಿ

ಪೆಲಿಕನ್ ಕರ್ಲ್ ಮಾಡಲು ಹೋಗಿ ನನ್ನ ಬಲಗೈಯ ಬೈಸೆಪ್ಸ್ ಟೆಂಡನ್ (ತೋಳಿನ ಮುಂಭಾಗದ ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ಮೊಣಕೈ ಹತ್ತಿರ ಅರ್ಧಂಬರ್ಧ ಹರಿಯಿತು. ಈಗ ರೀಲ್ಸ್ ನೋಡಿ ಇದನ್ನು ಶುರು ಮಾಡುವವರು ಜಾಸ್ತಿಯಾಗಿದ್ದಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಹೇಳುವುದಾದರೆ, ಇದು ಡಂಬೆಲ್ ಕರ್ಲ್ ತರಹದ್ದಲ್ಲ. ಇಲ್ಲಿ ಎತ್ತಬೇಕಾದ ಭಾರ ನಿಮ್ಮ ಮೈಯೇ. ರಿಂಗ್ಸ್ (ಪಟ್ಟಿಯಿಂದ ನೇತಾಡುವ ಎರಡು ಬಳೆಗಳು) ಹಿಡಿದು ಪುಷ್‌ಅಪ್‌ನಲ್ಲಿ ಕೆಳಗಿಳಿದ ಹಾಗೆ ಮುಂದಕ್ಕೆ ಬಾಗಿರುತ್ತೀರಿ, ಕೈಗಳು ಎದೆಯ ಪಕ್ಕದಲ್ಲಿ. ಅಲ್ಲಿಂದ ಮೈಯನ್ನು ನಿಧಾನವಾಗಿ ಮುಂದಕ್ಕೆ, ಕೆಳಕ್ಕೆ ಬಿಡುತ್ತಾ ಕೈಗಳನ್ನು ಹಿಂದಕ್ಕೆ ನೇರ ಮಾಡಬೇಕು. ಆಮೇಲೆ ಬೈಸೆಪ್ಸ್ ಬಲದಿಂದ ಮತ್ತೆ ಮೇಲಕ್ಕೆ ಎಳೆದುಕೊಳ್ಳಬೇಕು.

ಅಪಾಯ ಇರುವುದು ಆ ಕೆಳಗಿನ ತುದಿಯಲ್ಲಿ. ಬೈಸೆಪ್ಸ್ ಭುಜ, ಮೊಣಕೈ ಎರಡನ್ನೂ ದಾಟಿ ಹೋಗುವ ಸ್ನಾಯು. ತೋಳು ಬೆನ್ನ ಹಿಂದಕ್ಕೆ ಹೋದಾಗ ಅದನ್ನು ಮೇಲಿನಿಂದ ಎಳೆದಂತಾಗುತ್ತದೆ, ಮೊಣಕೈ ನೇರವಾದಾಗ ಕೆಳಗಿನಿಂದಲೂ ಎಳೆದಂತಾಗುತ್ತದೆ. ಸ್ನಾಯು ಪೂರ್ತಿ ಚಾಚಿಕೊಂಡಿರುವ ಆ ಹೊತ್ತಿಗೇ ಭಾರವೂ ಅತಿ ಹೆಚ್ಚು. ಚಿನ್‌ಅಪ್ (ಕಂಬಿಗೆ ನೇತು ಮೈ ಮೇಲೆಳೆಯುವುದು) ಚೆನ್ನಾಗಿ ಬರುತ್ತದೆ ಅನ್ನುವುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ, ಯಾಕೆಂದರೆ ಚಿನ್‌ಅಪ್‌ನಲ್ಲಿ ತೋಳು ಬೆನ್ನ ಹಿಂದೆ ಹೋಗಿ ಭಾರ ಹೊರುವುದೇ ಇಲ್ಲ. ಸ್ನಾಯು ಕೆಲವೇ ತಿಂಗಳಲ್ಲಿ ಬಲಿಯುತ್ತದೆ. ಟೆಂಡನ್‌ಗೆ ಅದಕ್ಕಿಂತ ತುಂಬಾ ಹೆಚ್ಚು ಸಮಯ ಬೇಕು. ರಿಂಗ್ಸ್ ಮೇಲೆ ಐರನ್ ಕ್ರಾಸ್ (ಎರಡೂ ಕೈ ಪಕ್ಕಕ್ಕೆ ನೇರ ಚಾಚಿ ಮೈಯನ್ನು ಹಿಡಿದಿಡುವುದು) ಮಾಡುವ ಜಿಮ್ನಾಸ್ಟ್‌ಗಳು ಮೊಣಕೈಯನ್ನು ಅದಕ್ಕೆ ಅಣಿ ಮಾಡಲು ವರ್ಷಗಟ್ಟಲೆ ತೆಗೆದುಕೊಳ್ಳುತ್ತಾರೆ.

ನಾನು ಹೋಗುತ್ತಿದ್ದ ಜಿಮ್‌ನ ಕೋಚ್ ಇದ್ಯಾವುದನ್ನೂ ಹೇಳಲಿಲ್ಲ. ರಿಂಗ್ಸನ್ನು ಸೊಂಟಕ್ಕಿಂತ ಕೆಳಗೆ ಇಳಿಸಿದರು. ಅದು ಸಾಲದು ಅಂತ ಪಾದಗಳನ್ನು ಬೆಂಚ್ ಮೇಲೆ ಇಡಿಸಿದರು. ನನಗೆ ಈಗಲೂ ಸಿಟ್ಟು ಬರುವುದು ಈ ಬೆಂಚ್ ವಿಷಯಕ್ಕೇ. ಪಾದ ನೆಲದ ಮೇಲಿದ್ದರೆ ಕೈ ಸೋತ ಕೂಡಲೇ ಒಂದು ಹೆಜ್ಜೆ ಮುಂದಿಟ್ಟು ಭಾರ ಇಳಿಸಬಹುದು. ಬೆಂಚ್ ಮೇಲಿದ್ದರೆ ಆ ದಾರಿಯೂ ಇಲ್ಲ. ಡಂಬೆಲ್ ಆದರೆ ಕೈಬಿಡಬಹುದು, ಇಲ್ಲಿ ಕೈಬಿಟ್ಟರೆ ಮುಖ ನೆಲಕ್ಕೆ ಬಡಿಯುತ್ತದೆ. "ಇನ್ನೂ ಕೆಳಗೆ, ಸ್ಟ್ರೆಚ್ ಆಗ್ಲಿ" ಅನ್ನುತ್ತಾ ಅವರು ಪಕ್ಕದಲ್ಲೇ ನಿಂತಿದ್ದರು.

ಕೈ ಇನ್ನೇನು ಪೂರ್ತಿ ನೇರವಾಗಬೇಕು, ಮೊಣಕೈ ಒಳಮಡಿಕೆಯಲ್ಲಿ ಟಪ್ ಅಂತ ಸದ್ದು. ಹಸಿ ಬಟ್ಟೆ ಹರಿದ ಹಾಗೆ ಒಳಗೇ ಏನೋ ಬಿಟ್ಟುಕೊಂಡಿತು. "ಬರೀ ಉಳುಕು" ಅಂತ ಕೋಚ್ ಎಣ್ಣೆ ಹಚ್ಚಿ ಗಟ್ಟಿಯಾಗಿ ತಿಕ್ಕಿದರು. ಮಾರನೇ ದಿನ ಮೊಣಕೈಯಿಂದ ಮುಂಗೈವರೆಗೆ ನೀಲಿಗಟ್ಟಿತ್ತು. ಬಾಗಿಲ ಚಿಲಕ ತಿರುಗಿಸಲು ಆಗಲಿಲ್ಲ. ಮನೆಯಲ್ಲಿ ನಾಟಿ ಕಟ್ಟು ಹಾಕಿಸೋಣ ಅಂದರು. ನಾನು ಮೂಳೆ ಡಾಕ್ಟರ ಹತ್ತಿರ ಹೋದೆ.

ಅವರು ಮೊದಲು ಮಾಡಿದ್ದು ತುಂಬಾ ಸರಳವಾದ ಪರೀಕ್ಷೆ. ಮೊಣಕೈ ಮಡಚಿಸಿ, ಅಂಗೈ ನನ್ನ ಕಡೆ ತಿರುಗಿಸಿ, ಮಡಿಕೆಯ ಹೊರಬದಿಯಿಂದ ತೋರುಬೆರಳನ್ನು ಟೆಂಡನ್ ಕೆಳಗೆ ಕೊಕ್ಕೆಯಂತೆ ಸಿಕ್ಕಿಸಿ ನೋಡಿದರು. ಬೆರಳಿಗೆ ಹಗ್ಗದಂತೆ ಸಿಕ್ಕಿತು, ಅಂದರೆ ಪೂರ್ತಿ ಕಿತ್ತಿರಲಿಲ್ಲ. ಎಷ್ಟು ಹರಿದಿದೆ ಅನ್ನುವುದು ಎಂಆರ್‌ಐನಲ್ಲಿ ಗೊತ್ತಾಯಿತು. ಪೂರ್ತಿ ಕಿತ್ತಿದ್ದರೆ ಆಪರೇಷನ್ ಮಾಡಿ ಟೆಂಡನ್ನನ್ನು ಮತ್ತೆ ಮೂಳೆಗೆ ಕೂರಿಸಬೇಕಾಗುತ್ತಿತ್ತು. ಅದನ್ನು ಮೊದಲ 2–3 ವಾರದೊಳಗೆ ಮಾಡಿದರೆ ಒಳ್ಳೆಯದು, ತಡವಾದಷ್ಟೂ ಟೆಂಡನ್ ಮೇಲಕ್ಕೆ ಸರಿದು ಕುಗ್ಗುತ್ತದೆ. ಹಾಗೇ ಬಿಟ್ಟರೆ ಸ್ಕ್ರೂಡ್ರೈವರ್ ತಿರುಗಿಸುವಂಥ ಕೆಲಸಕ್ಕೆ ಬೇಕಾದ ಬಲ ತುಂಬಾ ಕುಸಿಯುತ್ತದೆ. ಉಳುಕು ಅಂತ ತಿಕ್ಕುತ್ತಾ ಕೂತಿದ್ದರೆ ಆ ವಾರಗಳೆಲ್ಲ ಸುಮ್ನೆ ಕಳೆದುಹೋಗುತ್ತವೆ. ಸಿಗರೇಟ್ ಸೇದುವವರಿಗೆ ಈ ಟೆಂಡನ್ ಹರಿಯುವ ಅಪಾಯ ಇನ್ನೂ ಜಾಸ್ತಿ.

ಆದ್ದರಿಂದ ಟಪ್ ಅಂದರೆ, ನೀಲಿಗಟ್ಟಿದರೆ, ಬೈಸೆಪ್ಸ್ ಉಂಡೆಯಾಗಿ ಮೇಲಕ್ಕೆ ಸರಿದಂತೆ ಕಂಡರೆ ಯಾರ ಕೈಯಲ್ಲೂ ತಿಕ್ಕಿಸಿಕೊಳ್ಳಬೇಡಿ. ಐಸ್ ಇಟ್ಟು ತಕ್ಷಣ ಮೂಳೆ ಡಾಕ್ಟರಿಗೆ ತೋರಿಸಿ.

ಇಷ್ಟಾದರೂ ಕಲಿಯಲೇಬೇಕು ಅನ್ನುವವರು ರಿಂಗ್ಸನ್ನು ಎದೆಮಟ್ಟಕ್ಕೆ ಕಟ್ಟಿ. ಮೈ ನೆಟ್ಟಗಿದ್ದಷ್ಟೂ ಭಾರ ಕಡಿಮೆ. ಅದಕ್ಕೂ ಮುಂಚೆ ಓರೆ ಬೆಂಚ್ ಮೇಲೆ ಹಗುರ ಡಂಬೆಲ್ ಕರ್ಲ್, ಕಾಲು ನೆಲಕ್ಕೆ ಊರಿ ಜರ್ಮನ್ ಹ್ಯಾಂಗ್ (ರಿಂಗ್ಸ್ ಹಿಡಿದು ತೋಳು ಬೆನ್ನ ಹಿಂದೆ ಹೋಗುವಂತೆ ನೇತಾಡುವುದು), ಇವನ್ನು ತಿಂಗಳುಗಟ್ಟಲೆ ಮಾಡಿ. ಮೊಣಕೈ ಮಡಿಕೆಯಲ್ಲಿ ಚುಚ್ಚಿದರೆ ಅವತ್ತಿಗೆ ಅಲ್ಲಿಗೇ ನಿಲ್ಲಿಸಿ. ಬೆಂಚ್ ಮೇಲೆ ಕಾಲಿಡು ಅಂತ ಕೋಚ್ ಹೇಳಿದರೆ, ಕೈ ಸೋತಾಗ ಇಳಿಯುವುದು ಹೇಗೆ ಅಂತ ಕೇಳಿ. ಸರಿಯಾದ ಉತ್ತರ ಬರದಿದ್ದರೆ ರಿಂಗ್ಸ್ ಮುಟ್ಟಬೇಡಿ.