ಹಳೆಯ ಮಿಲಿಟರಿ ಟ್ರಕ್ಕಿಗೆ ಹೊಸ ಆಲ್ಟರ್ನೇಟರ್, ಜೊತೆಗೆ ರೇಡಿಯೊ: ಕುಶಾಲನಗರದ ಒಂದು ಅಂಗಡಿಯ ಕೆಲಸ

ಮಾದಾಪುರದ ಮೇಲ್ಭಾಗದಲ್ಲಿರುವ ನಮ್ಮ ಕಾಫಿ ತೋಟದಲ್ಲಿ ಹನ್ನೊಂದು ವರ್ಷಗಳಿಂದ ದುಡಿಯುತ್ತಿರುವುದು ಸೇನೆಯ ಹರಾಜಿನಿಂದ ಬಂದ ಒಂದು ಟನ್ನಿನ ನಿಸ್ಸಾನ್ ಟ್ರಕ್. ಜಬಲ್ಪುರದಲ್ಲಿ ತಯಾರಾದ ಈ ಟ್ರಕ್ಕುಗಳಾಗಲಿ, ಅದೇ ಬಳಗದ ಜೋಂಗಾ ಜೀಪುಗಳಾಗಲಿ ಕೊಡಗಿನವರಿಗೆ ಹೊಸತಲ್ಲ. ಸೇನೆಯಿಂದ ನಿವೃತ್ತರಾದವರು ಮನೆಗೊಬ್ಬರಂತೆ ಇರುವ ಈ ಜಿಲ್ಲೆಯಲ್ಲಿ ನಿವೃತ್ತ ಗಾಡಿಗಳಿಗೂ ತೋಟದಲ್ಲಿ ಗೌರವದ ಜಾಗವಿದೆ. ನಮ್ಮದಕ್ಕೆ ಹಿಂದಿನ ಮಾಲೀಕರು ಪೆಟ್ರೋಲ್ ಎಂಜಿನ್ ತೆಗೆಸಿ, ಹಳೆಯ ಲಾರಿಯೊಂದರ ಡೀಸೆಲ್ ಎಂಜಿನ್ ಕೂರಿಸಿದ್ದರು. ಎರಡು 12 ವೋಲ್ಟ್ ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿದ 24 ವೋಲ್ಟಿನ ವ್ಯವಸ್ಥೆ ಅದರದ್ದು. ಅವುಗಳನ್ನು ಚಾರ್ಜ್ ಮಾಡಲು ಆ ಎಂಜಿನ್ನಿನ ಜೊತೆಗೇ ಬಂದಿದ್ದ ಡೈನಮೊ ಇತ್ತು.

ಡೈನಮೊದ ದೌರ್ಬಲ್ಯ ಮಳೆಗಾಲದಲ್ಲಿ ಗೊತ್ತಾಗುತ್ತದೆ. ಎಂಜಿನ್ ನಿಧಾನವಾಗಿ ತಿರುಗುತ್ತಿರುವಾಗ ಅದು ಹೆಚ್ಚುಕಡಿಮೆ ಏನನ್ನೂ ಕೊಡುವುದಿಲ್ಲ. ಜುಲೈ ತಿಂಗಳಲ್ಲಿ ನಡುಹಗಲಿಗೇ ಮಂಜು ಮುಸುಕಿ, ಹೆಡ್‌ಲೈಟು, ಫಾಗ್ ಲೈಟು, ವೈಪರ್ ಮೂರನ್ನೂ ಹಾಕಿಕೊಂಡು ಗೊಬ್ಬರ ಇಳಿಸುವ ತನಕ ಎಂಜಿನ್ ಆರಿಸದೆ ನಿಲ್ಲಿಸಿದರೆ, ಸುಮಾರು 18 ಆಂಪಿಯರ್ ವಿದ್ಯುತ್ತು ಬ್ಯಾಟರಿಯಿಂದಲೇ ಹೋಗುತ್ತಿರುತ್ತದೆ. ಸಂಜೆಗೆ ಸೆಲ್ಫ್ ತಿರುಗುವುದಿಲ್ಲ, ಗಾಡಿಯನ್ನು ಇಳಿಜಾರಿನಲ್ಲಿ ತಳ್ಳಲೇಬೇಕು.

ರೇಡಿಯೊದ ಅಗತ್ಯ ಬೇರೆಯದು. 2018ರ ಆಗಸ್ಟಿನಲ್ಲಿ ಗುಡ್ಡಗಳು ಜರಿದಾಗ ನಮ್ಮ ಕಡೆ ಕರೆಂಟೂ ಇರಲಿಲ್ಲ, ಮೊಬೈಲ್ ಸಿಗ್ನಲ್ಲೂ ಇರಲಿಲ್ಲ; ಯಾರು ಎಲ್ಲಿದ್ದಾರೆಂದು ತಿಳಿಯದೆ ಕಳೆದ ಆ ದಿನಗಳನ್ನು ನಾನು ಮರೆತಿಲ್ಲ. ಆಮೇಲೆ ಪರೀಕ್ಷೆ ಬರೆದು ಹವ್ಯಾಸಿ (ಹ್ಯಾಮ್) ರೇಡಿಯೊ ಪರವಾನಗಿ ಪಡೆದೆ. ಮಡಿಕೇರಿ ಆಕಾಶವಾಣಿಯನ್ನು ಕೇಳಲು ಒಂದು ಎಫ್ಎಂ ಸೆಟ್, 144ರಿಂದ 146 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಮಾತಾಡಲು 25 ವ್ಯಾಟಿನ ಒಂದು ಟ್ರಾನ್ಸ್‌ಸೀವರ್ (ಕಳಿಸಲೂ ಕೇಳಲೂ ಆಗುವ ರೇಡಿಯೊ), ಈ ಎರಡೂ ಟ್ರಕ್ಕಿನಲ್ಲಿರಬೇಕೆಂಬುದು ನನ್ನ ಬಹುಕಾಲದ ಆಸೆಯಾಗಿತ್ತು.

ಆದರೆ ಎರಡೂ 12 ವೋಲ್ಟಿನವು. ಕೆಲವು ವರ್ಷಗಳ ಹಿಂದೆ ಬೇರೊಂದು ಅಂಗಡಿಯಲ್ಲಿ ಎಫ್ಎಂ ಸೆಟ್ ಹಾಕಿಸಿದಾಗ, ಎರಡು ಬ್ಯಾಟರಿಗಳ ಪೈಕಿ ಚಾಸಿಗೆ ಜೋಡಿಸಿದ ಬದಿಯ ಒಂದರಿಂದಲೇ ನೇರವಾಗಿ ವೈರು ಎಳೆದುಕೊಟ್ಟಿದ್ದರು. ನೋಡಲು ಸುಲಭದ ದಾರಿ. ಪರಿಣಾಮ ಮಾತ್ರ ಕೆಟ್ಟದ್ದು. ಆ ಒಂದು ಬ್ಯಾಟರಿ ಸದಾ ಸ್ವಲ್ಪ ಬರಿದಾಗಿರುತ್ತದೆ, ಚಾರ್ಜಿಂಗ್ ವ್ಯವಸ್ಥೆಯಾದರೋ ಎರಡೂ ಸೇರಿದ ವೋಲ್ಟೇಜನ್ನಷ್ಟೇ ನೋಡುವುದರಿಂದ ಇನ್ನೊಂದು ಬ್ಯಾಟರಿಗೆ ಅಗತ್ಯಕ್ಕಿಂತ ಹೆಚ್ಚು ಚಾರ್ಜ್ ಬಿದ್ದು ಅದರ ನೀರು ಒಣಗುತ್ತದೆ. ಹದಿನಾಲ್ಕು ತಿಂಗಳಿಗೆ ನನ್ನ ಎರಡೂ ಬ್ಯಾಟರಿಗಳು ಹಾಳಾದವು.

ಈ ಕಥೆಯನ್ನು ಕುಶಾಲನಗರದ ಆಟೋ ಎಲೆಕ್ಟ್ರಿಕಲ್ ಅಂಗಡಿಯ ಯಜಮಾನರ ಮುಂದೆ ಹೇಳಿದಾಗ, ಅವರು ಆಲ್ಟರ್ನೇಟರಿನ (ಡೈನಮೊದ ಬದಲು ಹಾಕುವ, ಎಂಜಿನ್ ನಿಧಾನವಾಗಿ ತಿರುಗುವಾಗಲೂ ಚಾರ್ಜ್ ಕೊಡುವ ಯಂತ್ರದ) ಮಾತನ್ನೇ ಎತ್ತದೆ ಮೊದಲು ಮೀಟರ್ ತಂದರು. ಚಾರ್ಜಿಂಗ್ ವೈರಿನ ಎರಡು ತುದಿಗಳಿಗೆ ಮೀಟರಿನ ಮುಳ್ಳುಗಳನ್ನು ಒತ್ತಿ ಹಿಡಿದು, ಎಲ್ಲಾ ದೀಪಗಳನ್ನೂ ಹಾಕಿಸಿ, ಎಂಜಿನ್ನಿನ ವೇಗ ಏರಿಸಲು ಹೇಳಿದರು. 0.8 ವೋಲ್ಟ್. ಅಂದರೆ ಡೈನಮೊ ಕೊಡುತ್ತಿದ್ದ ಅಲ್ಪಸ್ವಲ್ಪದಲ್ಲಿಯೂ ಒಂದು ಪಾಲು ಆ ಸವೆದ ವೈರಿನಲ್ಲಿ, ಅದರ ತುದಿಯ ಹಸಿರುಗಟ್ಟಿದ ಲೋಹದ ಲಗ್ಗುಗಳಲ್ಲಿ ಬಿಸಿಯಾಗಿ ವ್ಯರ್ಥವಾಗುತ್ತಿತ್ತು. ಈ ವೈರನ್ನು ಹಾಗೆಯೇ ಬಿಟ್ಟು ದೊಡ್ಡ ಆಲ್ಟರ್ನೇಟರ್ ಕೂರಿಸಿದರೆ ಬೆಂಕಿಗೆ ಆಹ್ವಾನ ಕೊಟ್ಟ ಹಾಗೆ ಎಂದರು. ಅವರ ಕೈಗೆ ಗಾಡಿಯನ್ನು ಒಪ್ಪಿಸಲು ನನಗೆ ಆ ಒಂದು ಅಳತೆ ಸಾಕಾಯಿತು.

ಹೊಸದಾಗಿ ಹಾಕಿದ್ದು 24 ವೋಲ್ಟ್, 55 ಆಂಪಿಯರಿನ ಆಲ್ಟರ್ನೇಟರ್. 25 ಚದರ ಮಿಲಿಮೀಟರ್ ತಾಮ್ರದ ಕೇಬಲ್, ಬ್ಯಾಟರಿಯ ಬದಿಯಲ್ಲೇ ಫ್ಯೂಸು, ಎಂಜಿನ್ನಿನಿಂದ ಚಾಸಿಗೆ ಹೊಸ ಅರ್ತ್ ಪಟ್ಟಿ. ಅರ್ತ್ ಕೂರುವ ಜಾಗದ ಮಿಲಿಟರಿ ಹಸಿರು ಬಣ್ಣವನ್ನು ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ ತೆಗೆದ ಮೇಲೆಯೇ ಬೋಲ್ಟು ಬಿಗಿದರು. ಅದೇ ಅಳತೆಯನ್ನು ಮತ್ತೆ ತೆಗೆದಾಗ ಬಂದದ್ದು 0.1 ವೋಲ್ಟ್. ಡ್ಯಾಶ್‌ಬೋರ್ಡಿನ ಹಳೆಯ ಆಂಪಿಯರ್ ಮೀಟರನ್ನು ಅವರು ದಾರಿಯಿಂದ ತಪ್ಪಿಸಿದ್ದು ನನಗೆ ತುಂಬಾ ಮೆಚ್ಚುಗೆಯಾಯಿತು. ಚಾರ್ಜಿಂಗಿನ ಪೂರ್ತಿ ವಿದ್ಯುತ್ತು ಆ ಮೀಟರಿನೊಳಗೆ ಹಾದುಹೋಗುತ್ತದೆ, ಅದರ ತಾಳಿಕೆ 30 ಆಂಪಿಯರ್ ಮಾತ್ರ. ಬಹಳ ಜನ ಇದನ್ನು ಗಮನಿಸುವುದೇ ಇಲ್ಲ. ಅದನ್ನು ನೋಟಕ್ಕಷ್ಟೇ ಉಳಿಸಿ, ಪಕ್ಕದಲ್ಲಿ ವೋಲ್ಟ್ ಮೀಟರ್ ಕೂರಿಸಿದರು. ಚಾರ್ಜಿಂಗ್ ಸೂಚಕ ದೀಪಕ್ಕೆ ಎಲ್ಇಡಿ ಹಾಕಿಕೊಡಿ ಎಂದು ನಾನು ಕೇಳಿದ್ದೆ. ಆಲ್ಟರ್ನೇಟರ್ ಮೊದಲು ಎಚ್ಚೆತ್ತುಕೊಳ್ಳಲು ಬೇಕಾದ ಸಣ್ಣ ವಿದ್ಯುತ್ತು ಆ ದೀಪದ ಮೂಲಕವೇ ಹರಿಯುತ್ತದೆ, ಎಲ್ಇಡಿಯಿಂದ ಅಷ್ಟು ಹರಿಯುವುದಿಲ್ಲ ಎಂದು ವಿವರಿಸಿ, ಮಾಮೂಲಿ 3 ವ್ಯಾಟ್ ಬಲ್ಬನ್ನೇ ಹಾಕಿದರು.

ರೇಡಿಯೊಗಳಿಗೆ 24 ವೋಲ್ಟನ್ನು 13.8ಕ್ಕೆ ಇಳಿಸುವ 20 ಆಂಪಿಯರಿನ ಪ್ರತ್ಯೇಕ ಕನ್ವರ್ಟರ್ ಕೊಟ್ಟರು. ಇಲ್ಲಿ ಮಾತ್ರ ಅವರ ಮೊದಲ ಪ್ರಯತ್ನ ಸರಿಬರಲಿಲ್ಲ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ಗುಗಳಿಲ್ಲದ ಕಾರಣ ರೇಡಿಯೊಗೆ ಆ ಕಾಟವಿಲ್ಲ. ಆದರೆ ಮೊದಲು ಹಾಕಿದ ಕನ್ವರ್ಟರಿನಿಂದಲೇ ಸುಯ್ ಎಂಬ ಸದ್ದು ಹೊರಟು, ದೂರದ ದುರ್ಬಲ ಧ್ವನಿಗಳನ್ನೆಲ್ಲ ನುಂಗಿಹಾಕುತ್ತಿತ್ತು. ಎರಡನೆಯ ಬಾರಿ ಹೋದಾಗ ಒಂದು ಮಾತೂ ಆಡದೆ ಅದನ್ನು ತೆಗೆದು, ಲೋಹದ ಪೆಟ್ಟಿಗೆಯ ಇನ್ನೊಂದನ್ನು ಹಾಕಿ, ವೈರುಗಳಿಗೆ ಇಂಥ ಸದ್ದನ್ನು ತಡೆಯುವ ಫೆರೈಟ್ ಉಂಗುರ ತೊಡಿಸಿದರು; ಇದಕ್ಕೆ ಹೆಚ್ಚಿನ ಹಣ ಕೇಳಲಿಲ್ಲ. ಈಗ ಎಂಜಿನ್ ವೇಗದ ಜೊತೆ ಏರುವ ಆಲ್ಟರ್ನೇಟರಿನ ಸಣ್ಣ ಸಿಳ್ಳೆಯೊಂದು ಕಿವಿಗೊಟ್ಟರೆ ಕೇಳಿಸುತ್ತದೆ, ಮಾತಿಗೆ ಅದರಿಂದ ಅಡ್ಡಿಯಿಲ್ಲ.

ಆಂಟೆನಾದ ಕೆಲಸ ನಾನು ಎಣಿಸಿದ್ದಕ್ಕಿಂತ ಕಷ್ಟವಾಯಿತು. ಅರ್ಧ ಮೀಟರ್ ಉದ್ದದ, ಅಂದರೆ ರೇಡಿಯೊ ತರಂಗದ ಉದ್ದದ ಕಾಲುಭಾಗದ ಕಡ್ಡಿಗೆ ಕೆಳಗೆ ಲೋಹದ ಹಾಸು ಬೇಕು. ನಮ್ಮ ಗಾಡಿಯ ಮಾಡು ಟಾರ್ಪಾಲಿನದು. ಕ್ಯಾಬಿನ್ ಮೇಲಿನ ಕಮಾನುಗಳಿಗೆ ಒಂದು ಮೀಟರ್ ಚದರದ ಅಲ್ಯೂಮಿನಿಯಂ ತಗಡನ್ನು ಬಿಗಿದು, ಅದರ ನಡುವೆ ಕಡ್ಡಿಯನ್ನು ನಿಲ್ಲಿಸಿದ್ದಾರೆ. ತೋಟದ ಮೇಲಿನ ಕಳದಿಂದ ಸೋಮವಾರಪೇಟೆಯ ಗೆಳೆಯರ ಧ್ವನಿ ಸ್ಪಷ್ಟವಾಗಿ ಬರುತ್ತದೆ. ಕೆಳಗಿನ ತೋಡಿನ ಬದಿಗಿಳಿದರೆ ಗುಡ್ಡ ಅಡ್ಡ ಬಂದು ಪೂರ್ತಿ ನಿಂತುಹೋಗುತ್ತದೆ. ಈ ತರಂಗಗಳ ಸ್ವಭಾವವೇ ಹಾಗೆ, ಅದಕ್ಕೆ ಅಂಗಡಿಯವರು ಹೊಣೆಯಲ್ಲ. ಟ್ರಾನ್ಸ್‌ಸೀವರ್ ಮುಟ್ಟುವ ಮೊದಲು ಅವರು ನನ್ನ ಪರವಾನಗಿಯನ್ನು ಕೇಳಿ ನೋಡಿದರೆಂಬುದನ್ನೂ ಇಲ್ಲಿ ಹೇಳಲೇಬೇಕು.

ನನ್ನ ದೂರು ಎರಡು. ಮೂರು ದಿನವೆಂದ ಕೆಲಸಕ್ಕೆ ಒಂಬತ್ತು ದಿನ ಹಿಡಿಯಿತು. ಪುಲ್ಲಿಯ ಸಾಲು ಎರಡು ಮಿಲಿಮೀಟರ್ ತಪ್ಪಿದ್ದರಿಂದ ಮೊದಲ ವಾರವೇ ಬೆಲ್ಟು ಕಿರುಚಿತು. ವಾಷರ್ ಕೊಟ್ಟು ಸರಿಪಡಿಸಿದರು, ಹೊಸ ಬೆಲ್ಟಿನ ಬೆಲೆ ನನ್ನದೇ ಆಯಿತು. ರೇಡಿಯೊಗಳ ಬೆಲೆ ಬಿಟ್ಟು ಒಟ್ಟು ಖರ್ಚು 31,400 ರೂಪಾಯಿ. ಇದು ಸಣ್ಣ ಮೊತ್ತವಲ್ಲ, ಆದರೆ ಎರಡು ಬ್ಯಾಟರಿ ಕಳೆದುಕೊಂಡವನಿಗೆ ದುಬಾರಿಯೆನಿಸುವುದಿಲ್ಲ.

ಈ ಮಳೆಗಾಲದಲ್ಲಿ ಎಲ್ಲಾ ದೀಪ, ವೈಪರ್, ರೇಡಿಯೊ ಹಾಕಿ ಗಾಡಿ ನಿಂತಲ್ಲೇ ಎಂಜಿನ್ ಓಡಿಸುತ್ತಿದ್ದಾಗಲೂ ವೋಲ್ಟ್ ಮೀಟರ್ 27.4ರಿಂದ ಕೆಳಗಿಳಿದಿಲ್ಲ, ಅಂದರೆ ಬ್ಯಾಟರಿಗಳು ಚಾರ್ಜ್ ಆಗುತ್ತಲೇ ಇವೆ. ಈ ಅಂಗಡಿಗೆ ಹೋಗುವವರು ಕಾಫಿ ಕೊಯ್ಲಿನ ತಿಂಗಳುಗಳನ್ನು ಬಿಟ್ಟು ಹೋಗಬೇಕು, ಆಗ ತೋಟದ ಗಾಡಿಗಳೇ ಅಂಗಳ ತುಂಬಿರುತ್ತವೆ. ಕೆಲಸ ಮುಗಿದ ಮೇಲೆ ವೈರಿಂಗಿನ ನಕ್ಷೆಯನ್ನು ಕೇಳಿ ಪಡೆಯಿರಿ. ನನಗೆ ಬರೆದುಕೊಟ್ಟದ್ದನ್ನು ಪ್ಲಾಸ್ಟಿಕ್ ಹೊದಿಸಿ ಬ್ಯಾಟರಿ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿದ್ದೇನೆ.