ಎರಡನೆಯ ಕೇರಂ ಕ್ಯೂ ಮಾಡಿಸುವವರು ಪೂರ್ತಿ ಹಣ ಕೊಡುವ ಮೊದಲು ಇದನ್ನು ಓದಿ

ಕೇರಂ ಬಿಲಿಯರ್ಡ್ಸ್‌ಗೆ ಎರಡನೆಯ ಕ್ಯೂ (ಚೆಂಡು ಹೊಡೆಯುವ ಕೋಲು) ಹೇಳಿ ಮಾಡಿಸಬೇಕೆಂದಿರುವ ನಮ್ಮ ಭಾಗದ ಆಟಗಾರರು ದಯವಿಟ್ಟು ಇದನ್ನು ಓದಬೇಕು. ಸ್ನೂಕರ್ ಕ್ಯೂ ಮಾಡುವವರಿಗೆಲ್ಲ ಕೇರಂ ಕ್ಯೂ ಮಾಡಲು ಬರುವುದಿಲ್ಲ. ಬರುತ್ತದೆ ಎಂದು ನಂಬಿಸಿ ಹಣ ತೆಗೆದುಕೊಳ್ಳುವವರಿದ್ದಾರೆ. ಅಂಥವರೊಬ್ಬರು ನನಗೆ ಮೋಸ ಮಾಡಿದರು. ಹೆಸರು ಬರೆಯುವುದಿಲ್ಲ, ದೂರು ಇನ್ನೂ ನಡೆಯುತ್ತಿದೆ. ಆದರೆ ಅವರು ಮಾಡಿದ್ದೇನು ಎಂಬುದನ್ನು ಬಿಡಿಸಿ ಹೇಳಲೇಬೇಕು.

ಬಳ್ಳಾರಿಯಲ್ಲಿ ಸ್ನೂಕರ್ ಆಡುವವರು ಬೇಕಾದಷ್ಟು ಜನ. ಪಾಕೆಟ್ ಇಲ್ಲದ ಮೇಜಿನ ಮೇಲೆ ಮೂರೇ ಚೆಂಡುಗಳಲ್ಲಿ ಕೇರಂ ಆಡುವ ನಾವು ಬೆರಳೆಣಿಕೆಯವರು. ಕೌಲ್ ಬಜಾರಿನಲ್ಲಿ ಗೆಳೆಯನ ಜೀನ್ಸ್ ಹೊಲಿಗೆ ಘಟಕದ ಮಹಡಿಯಲ್ಲಿರುವ ಒಂದು ಮೇಜೇ ನಮಗೆ ಆಧಾರ. ನನ್ನ ಮೊದಲ ಕ್ಯೂ ಕೆಲಸದ ಮೇಲೆ ದಕ್ಷಿಣ ಕೊರಿಯಾದಲ್ಲಿದ್ದಾಗ ಕೊಂಡದ್ದು. ಥ್ರೀ ಕುಶನ್ ಎಂಬ ಕೇರಂ ಆಟವನ್ನು ಕಲಿತದ್ದೂ ಅಲ್ಲಿಯೇ. ಆ ಕ್ಯೂವಿನ ಶಾಫ್ಟ್ (ಮುಂದಿನ ಅರ್ಧ) ಹಾಳಾದರೆ ರಿಪೇರಿ ಮಾಡುವವರು ಇಲ್ಲಿ ಯಾರೂ ಇಲ್ಲ. ಅದಕ್ಕಾಗಿ ಅದರದೇ ಜೋಡಿಯೊಂದು ಬೇಕಿತ್ತು. ಒಂದರ ಶಾಫ್ಟ್ ಇನ್ನೊಂದರ ಬಟ್‌ಗೆ (ಕೈಯಲ್ಲಿ ಹಿಡಿಯುವ ಹಿಂದಿನ ಅರ್ಧಕ್ಕೆ) ಕೂರಬೇಕು, ಕೈಗೆ ವ್ಯತ್ಯಾಸ ತಿಳಿಯಬಾರದು. ಬೇಕಿದ್ದುದು ಇಷ್ಟೇ, ಅಲಂಕಾರವಲ್ಲ.

ಮೊದಲ ಕ್ಯೂವನ್ನು ವರ್ನಿಯರ್ ಕ್ಯಾಲಿಪರ್‌ನಿಂದ ಅಳೆದು ಎಲ್ಲವನ್ನೂ ಬರೆದು ಕಳಿಸಿದ್ದೆ: ಉದ್ದ 142 ಸೆಂ.ಮೀ., ತೂಕ 510 ಗ್ರಾಂ, ಟಿಪ್ (ಚೆಂಡಿಗೆ ತಾಗುವ ತುದಿ) 11.8 ಮಿ.ಮೀ., ತುದಿಯಿಂದ ಪ್ರತಿ 10 ಸೆಂ.ಮೀ.ಗೆ ಶಾಫ್ಟ್‌ನ ದಪ್ಪ, ಶಾಫ್ಟ್ ಮತ್ತು ಬಟ್ ಸೇರುವ ಮರದ ತಿರುಪಿನ ಜಾಯಿಂಟ್‌ನ ಚಿತ್ರ. 'ಎಲ್ಲವೂ ಹಾಗೆಯೇ ಬರುತ್ತದೆ ಸರ್' ಎಂದು ಅವರು ವಾಟ್ಸ್ಆ್ಯಪ್‌ನಲ್ಲಿ ಬರೆದು ಒಪ್ಪಿಕೊಂಡರು. ಅರ್ಧ ಹಣ ಮೊದಲು, ಉಳಿದದ್ದು ಕಳಿಸುವ ಮುನ್ನ ಎಂದಾಯಿತು. ಕೆಲಸ ನಡೆಯುತ್ತಿದ್ದಾಗ ಕಳಿಸಿದ ಫೋಟೋಗಳೆಲ್ಲ ಬಟ್‌ನ ಕೆತ್ತನೆಯವು, ಹೊಳಪಿನವು. ಶಾಫ್ಟ್‌ನ ಅಳತೆ ತೋರಿಸಿ ಎಂದು ಕೇಳಿದಾಗಲೆಲ್ಲ 'ಆಗುತ್ತಿದೆ ಸರ್' ಎಂಬ ಉತ್ತರ. ಪೂರ್ತಿ ಹಣ ಸೇರಿದ ಮೇಲೆ ಪಾರ್ಸೆಲ್ ಬಂತು.

ಬಂದದ್ದು ಕೇರಂ ಕ್ಯೂವೇ ಅಲ್ಲ. ಟಿಪ್ 13 ಮಿ.ಮೀ., ಜಾಯಿಂಟ್‌ನಲ್ಲಿ ಉಕ್ಕಿನ ಬೋಲ್ಟ್. ನನ್ನ ಹಳೆಯ ಶಾಫ್ಟ್ ಅದಕ್ಕೆ ಕೂರುವ ಮಾತೇ ಇಲ್ಲ. ಕೆತ್ತನೆ ಎಂದುಕೊಂಡಿದ್ದು ವಾರ್ನಿಶ್ ಕೆಳಗೆ ಅಂಟಿಸಿದ ಚಿತ್ರ. ಇದೆಲ್ಲಕ್ಕಿಂತ ದೊಡ್ಡ ಅನ್ಯಾಯ ಶಾಫ್ಟ್‌ನ ಆಕಾರದ್ದು. ಕೇರಂ ಶಾಫ್ಟ್ ತುದಿಯಿಂದ ಜಾಯಿಂಟ್‌ವರೆಗೆ ಒಂದೇ ಸಮನೆ ದಪ್ಪವಾಗುತ್ತಾ ಹೋಗಬೇಕು. ಇದು ತುದಿಯಿಂದ ಸುಮಾರು ಒಂದು ಅಡಿಯವರೆಗೆ ಒಂದೇ ದಪ್ಪವಿತ್ತು, ಪೂಲ್ ಕ್ಯೂವಿನ ಹಾಗೆ.

ಇದು ಸಣ್ಣ ವ್ಯತ್ಯಾಸ ಎನ್ನುವವರಿಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಸ್ನೂಕರ್ ಚೆಂಡಿನ ಅಡ್ಡಳತೆ 52.5 ಮಿ.ಮೀ. ನಮ್ಮ ಚೆಂಡು 61.5 ಮಿ.ಮೀ., ತೂಕ 205ರಿಂದ 220 ಗ್ರಾಂ. ಅಷ್ಟು ಭಾರದ ಚೆಂಡನ್ನು ಜೋರಾದ ಸೈಡ್ ಸ್ಪಿನ್ ಕೊಟ್ಟು 2.84 ಮೀಟರ್ ಉದ್ದ, 1.42 ಮೀಟರ್ ಅಗಲದ ಮೇಜಿನ ಸುತ್ತ ಓಡಿಸಬೇಕು. ಥ್ರೀ ಕುಶನ್‌ನಲ್ಲಿ ಉಳಿದೆರಡು ಚೆಂಡುಗಳಲ್ಲಿ ಎರಡನೆಯದನ್ನು ಮುಟ್ಟುವ ಮೊದಲು ಅದು ಕನಿಷ್ಠ ಮೂರು ಸಲ ಕುಶನ್‌ಗೆ, ಅಂದರೆ ಮೇಜಿನ ರಬ್ಬರ್ ಅಂಚಿಗೆ, ತಾಗಿರಬೇಕು. ಚೆಂಡಿನ ಬದಿಗೆ ಹೊಡೆದಾಗ ಅದು ಗುರಿಯಿಟ್ಟ ಗೆರೆಯಲ್ಲೇ ಹೋಗುವುದಿಲ್ಲ, ಎದುರು ಬದಿಗೆ ಕೊಂಚ ಸರಿದು ಹೊರಡುತ್ತದೆ. ಎಷ್ಟು ಸರಿಯುತ್ತದೆ ಎಂಬುದು ಮುಖ್ಯವಾಗಿ ಕ್ಯೂವಿನ ತುದಿಯ ಭಾರದ ಮೇಲೆ ನಿಂತಿದೆ. ಕೇರಂ ಕ್ಯೂವಿನ ತುದಿ ಸಣ್ಣಗಿದ್ದು ಫೆರುಲ್ (ಟಿಪ್ ಕೂರುವ ಬಳೆ) ಗಿಡ್ಡವಾಗಿರುವುದರಿಂದ ಅಲ್ಲಿ ಭಾರ ಕಡಿಮೆ, ಹಿಂದಕ್ಕೆ ದಪ್ಪವಾಗುತ್ತಾ ಹೋಗುವುದರಿಂದ ಶಾಫ್ಟ್ ಬಳುಕುವುದಿಲ್ಲ. ಈ ಹೊಸ ಕ್ಯೂವಿನಲ್ಲಿ ಎರಡೂ ತಲೆಕೆಳಗು. ವರ್ಷಗಳಿಂದ ಕೈಗೆ ಕೂತ ಗುರಿಯೆಲ್ಲ ತಪ್ಪತೊಡಗಿತು. ಮೊದಲ ಕುಶನ್‌ನಲ್ಲಿ ಬೆರಳಗಲ ತಪ್ಪಿದ ಚೆಂಡು ಮೂರನೆಯದನ್ನು ದಾಟುವಾಗ ಗೇಣು ದೂರ ಹೋಗಿರುತ್ತದೆ. ಜೋಡಿ ಕ್ಯೂ ಎಂದು ಮಾರಿದ ವಸ್ತು ಹೀಗಿದ್ದರೆ ಮೊದಲ ಕ್ಯೂವಿನ ಆಟವನ್ನೂ ಕೆಡಿಸುತ್ತದೆ.

ಮರದ ವಿಷಯ ಇನ್ನೂ ಬೇಸರದ್ದು. ಒಳ್ಳೆಯ ಕುಶಲಕರ್ಮಿಗಳು ಮೇಪಲ್ ಶಾಫ್ಟ್ ಅನ್ನು ಒಮ್ಮೆಗೇ ಲೇತ್‌ನಲ್ಲಿ ಇಳಿಸುವುದಿಲ್ಲ. ಸ್ವಲ್ಪ ಇಳಿಸಿ, ವಾರಗಟ್ಟಲೆ ತೂಗುಹಾಕಿ, ಮರ ತನ್ನೊಳಗಿನ ಬಿಗಿ ಬಿಟ್ಟ ಮೇಲೆ ಮತ್ತೆ ಇಳಿಸುತ್ತಾರೆ. ಇವರದು ಹಸಿ ಮರ. ಬಳ್ಳಾರಿಯ ಏಪ್ರಿಲ್ ಹೇಗಿರುತ್ತದೆಂದು ನಿಮಗೆ ಗೊತ್ತು, 40 ಡಿಗ್ರಿ ದಾಟಿದ ಒಣ ಬಿಸಿಲು. ಮರ ಕುಗ್ಗಿ ಜಾಯಿಂಟ್‌ನ ರಿಂಗ್ ಬೆರಳಿಗೆ ತಡೆಯುವಷ್ಟು ಮೇಲೆದ್ದಿತು. ಮಳೆ ಬರುವಷ್ಟರಲ್ಲಿ ಶಾಫ್ಟ್ ಕಣ್ಣಿಗೆ ಕಾಣುವಂತೆ ಬಾಗಿತ್ತು. ಕ್ಯೂವನ್ನು ನಾನು ಬಿಸಿಲಿಗಿಟ್ಟಿರಲಿಲ್ಲ, ಕಾರಿನಲ್ಲಿ ಬಿಟ್ಟಿರಲಿಲ್ಲ. ಅದೇ ಕಪಾಟಿನಲ್ಲಿದ್ದ ಹಳೆಯ ಕ್ಯೂ ಇವತ್ತಿಗೂ ನೇರವಾಗಿದೆ.

ದೂರು ಹೇಳಿದಾಗ ಬಂದ ಉತ್ತರಗಳು: 'ಆಡುತ್ತಾ ಆಡುತ್ತಾ ಕೈ ಹೊಂದಿಕೊಳ್ಳುತ್ತದೆ', 'ನಿಮ್ಮ ಊರಿನ ಹವೆಯ ದೋಷ', ಕೊನೆಗೆ 'ಹೇಳಿ ಮಾಡಿಸಿದ ವಸ್ತುವನ್ನು ವಾಪಸ್ ಪಡೆಯುವುದಿಲ್ಲ'. ಆ ಕೊನೆಯ ಮಾತು ನನ್ನನ್ನು ನಿಜವಾಗಿಯೂ ಕೆರಳಿಸಿತು. ಹೇಳಿದಂತೆ ಮಾಡದೆ ಇದ್ದುದೇ ಜಗಳ, ಆಗ ಹೇಳಿ ಮಾಡಿಸಿದ್ದು ಎಂಬ ನೆಪ ಹೇಗೆ ನಡೆಯುತ್ತದೆ?

ಆದ್ದರಿಂದ ಯಾರಿಗೇ ಆರ್ಡರ್ ಕೊಡಿ, ಬಟ್‌ನ ಫೋಟೋ ನೋಡಿ ಎರಡನೆಯ ಕಂತು ಹಾಕಬೇಡಿ. ವಾರ್ನಿಶ್ ಹಚ್ಚುವ ಮೊದಲು ಶಾಫ್ಟ್‌ನ ಮೇಲೆ ಕ್ಯಾಲಿಪರ್ ಇಟ್ಟು, ಹತ್ತತ್ತು ಸೆಂ.ಮೀ.ಗೆ ಅಂಕಿ ಕಾಣುವಂತೆ ವಿಡಿಯೊ ಕೇಳಿ. ಕೊಡದಿದ್ದರೆ ಅಲ್ಲಿಗೇ ನಿಲ್ಲಿಸಿ. ಅವರು ಮೊದಲು ಮಾಡಿದ ಕೇರಂ ಕ್ಯೂ ಯಾರ ಬಳಿ ಇದೆ ಎಂದು ವಿಚಾರಿಸಿ ಆ ಆಟಗಾರರ ಜೊತೆ ಮಾತನಾಡಿ. ಸ್ನೂಕರ್ ಆಟಗಾರರ ಹೊಗಳಿಕೆ ಇಲ್ಲಿ ಲೆಕ್ಕಕ್ಕಿಲ್ಲ. ಪಾರ್ಸೆಲ್ ಬಂದಾಗ ಬಿಚ್ಚುವುದನ್ನು ಚಿತ್ರೀಕರಿಸಿ. ಮೇಜಿನ ಮೇಲೆ ಉರುಳಿಸಿ ನೋಡಿದರೆ ಸಾಲದು. ಶಾಫ್ಟ್ ಮತ್ತು ಬಟ್ ಬೇರೆ ಮಾಡಿ, ಒಂದೊಂದನ್ನೂ ಕಣ್ಣಿನ ನೇರಕ್ಕೆ ಹಿಡಿದು ತಿರುಗಿಸಿ ನೋಡಿ.

ಈಗಾಗಲೇ ಸಿಕ್ಕಿಬಿದ್ದವರು ಸುಮ್ಮನೆ ಕೂರಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಮಾರಿದವರು ಯಾವ ಊರಿನಲ್ಲಿದ್ದರೂ ನೀವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು, ಎರಡು ವರ್ಷದೊಳಗೆ ಕೊಡಬೇಕು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವೂ ಇಲ್ಲ. ನಾನು ಬಳ್ಳಾರಿಯಲ್ಲೇ ಕೊಟ್ಟಿದ್ದೇನೆ. ಜೊತೆಗೆ ಲಗತ್ತಿಸಿದ್ದು ಅಳತೆಯ ಹಾಳೆ, ಅವರು ಒಪ್ಪಿಕೊಂಡ ಸಂದೇಶ, ಹಣ ಕಳಿಸಿದ ರಸೀದಿ, ಬಾಗಿದ ಶಾಫ್ಟ್‌ನ ಚಿತ್ರ. ಆ ಅಳತೆಯ ಹಾಳೆಯ ನಮೂನೆ ಬೇಕಾದವರು ಕೇಳಿ, ಕಳಿಸುತ್ತೇನೆ.